ನೋಟ್ಸ್ ಬರೆಸಿದ್ದು ಸಾಕು, ಮಕ್ಕಳು ಪಾಠ ಒಪ್ಪಿಸಲಿ

ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಸಾಕು, ನಮ್ಮ ಪ್ರೌಢಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಗಡಿಬಿಡಿ ಶುರು. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಕೈಗೊಂದು ಪಾಸಿಂಗ್ ಪ್ಯಾಕೇಜ್, ಅದನ್ನೇ ಮೂರು ಸಲ ಬರೆಸುವುದು. ಹದಿನೆಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ, ಇದನ್ನೆಲ್ಲ ನಾನೂ ಮಾಡಿದ್ದೇನೆ. ಇಷ್ಟು ಬರೆಸಿದರೂ ತಲೆಯಲ್ಲಿ ಯಾಕೆ ಉಳಿಯುವುದಿಲ್ಲ ಅನ್ನುವುದಕ್ಕೆ ಮಿದುಳಿನ ವಿಜ್ಞಾನದಲ್ಲಿ ಉತ್ತರ ಇದೆ. ಅದು ನಮ್ಮ ತರಗತಿಯ ತನಕ ಬಂದಿಲ್ಲ, ಅದಕ್ಕೇ ಈ ಪತ್ರ.

ಹೋದ ವರ್ಷ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ನೋಟ್ಸ್ ಅಂದರೆ ಅವಳದ್ದು. ತಲೆಬರಹ ಕೆಂಪು, ಉಳಿದದ್ದು ನೀಲಿ, ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ. ನರಮಂಡಲದ ಪಾಠವನ್ನು ನಾಲ್ಕು ಸಲ ಓದಿದ್ದೀನಿ ಮಿಸ್ ಅಂದಳು. ಪುಸ್ತಕ ಮುಚ್ಚಿಸಿ ಒಂದು ಖಾಲಿ ಹಾಳೆ ಕೊಟ್ಟೆ. ಬಿಸಿ ತಟ್ಟೆ ಮುಟ್ಟಿದರೆ ಕೈ ತಟ್ಟನೆ ಹಿಂದಕ್ಕೆ ಬರುತ್ತಲ್ಲ, ಆ ಸಂದೇಶ ಹೋಗಿ ಬರುವ ದಾರಿ ಬರಿ ಅಂದೆ. ಪೆನ್ನಿನ ತುದಿ ಹಾಳೆಗೆ ತಾಗಿಸಿಕೊಂಡೇ ಕೂತಳು. ಅಲ್ಲೊಂದು ನೀಲಿ ಚುಕ್ಕೆ ದೊಡ್ಡದಾಗುತ್ತಾ ಹೋಯಿತು, ಅಷ್ಟೆ.

ಅವಳು ಸುಳ್ಳು ಹೇಳಿರಲಿಲ್ಲ. ಓದಿದ್ದನ್ನೇ ಮತ್ತೆ ಓದಿದಾಗ ಅದು ಪರಿಚಿತ ಅನ್ನಿಸುತ್ತದೆ, ಆ ಪರಿಚಯವನ್ನೇ ನಾವು ಕಲಿಕೆ ಅಂದುಕೊಳ್ಳುತ್ತೇವೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ ನೋಡಿದರು. ಒಂದು ಪುಟದಷ್ಟು ವಿಷಯ ಓದಿಸಿ, ಕೆಲವರಿಗೆ ಮತ್ತೆ ಓದಿ ಅಂದರು, ಇನ್ನು ಕೆಲವರಿಗೆ ನೋಡದೆ ನೆನಪಿದ್ದಷ್ಟು ಬರೆಯಿರಿ ಅಂದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಸ್ವಲ್ಪ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇ 42ರಷ್ಟು, ನೋಡದೆ ಬರೆದವರಿಗೆ ಶೇ 56ರಷ್ಟು. ನೆನಪು ಮಾಡಿಕೊಳ್ಳಲು ಒದ್ದಾಡಿದಾಗಲೇ ಆ ನೆನಪಿನ ಜಾಡು ಗಟ್ಟಿಯಾಗುತ್ತದೆ. ಹೊಲದಲ್ಲಿ ಓಡಾಡಿದಷ್ಟೂ ಕಾಲುದಾರಿ ಮೂಡುತ್ತದಲ್ಲ, ಹಾಗೆ.

ಇದು ನಮಗೆ ಹೊಸದಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿಯ ಮುಂದೆ ಕೂತು ಮಗ್ಗಿ ಒಪ್ಪಿಸುತ್ತಿದ್ದೆವು. ಒಪ್ಪಿಸುವುದು ಅಂದರೆ ಇದೇ ತಾನೇ, ಪುಸ್ತಕ ನೋಡದೆ ಒಳಗಿಂದ ತೆಗೆದು ಹೇಳುವುದು. ಅರ್ಥ ಗೊತ್ತಿಲ್ಲದೆ ಉರು ಹೊಡೆಸಿದ್ದು, ತಪ್ಪಿದರೆ ಬೆತ್ತ ತೆಗೆದದ್ದು ಕೆಟ್ಟದ್ದು. ಭಯದಲ್ಲಿ ಇರುವ ಮಗುವಿಗೆ ಗೊತ್ತಿದ್ದದ್ದೂ ಬಾಯಿಗೆ ಬರುವುದಿಲ್ಲ. ಆದರೆ ಬೆತ್ತದ ಜೊತೆ ಒಪ್ಪಿಸುವುದನ್ನೂ ಬಿಟ್ಟು ಸುಮ್ನೆ ನೋಟ್ಸ್ ಬರೆಸಲು ಕೂತೆವು, ಅಲ್ಲೇ ಎಡವಿದ್ದು.

ಈಗ ನಾನು ಪಿರಿಯಡ್‌ನ ಮೊದಲ ಐದು ನಿಮಿಷ ನಾಲ್ಕು ಪ್ರಶ್ನೆ ಕೇಳುತ್ತೇನೆ. ಎರಡು ನಿನ್ನೆಯ ಪಾಠದ್ದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು. ಅಂಕ ಇಲ್ಲ, ರಿಜಿಸ್ಟರ್ ಇಲ್ಲ. ಪುಸ್ತಕ ಮುಚ್ಚಿ ಬರೆಯಬೇಕು, ಆಮೇಲೆ ಪಕ್ಕದವರ ಜೊತೆ ನೋಡಿಕೊಳ್ಳಬೇಕು, ಕೊನೆಗೆ ಸರಿ ಉತ್ತರ ನಾನು ಬೋರ್ಡ್ ಮೇಲೆ ಬರೆಯುತ್ತೇನೆ. ಈ ಕೊನೆಯದನ್ನು ಬಿಡಲೇಬಾರದು, ಇಲ್ಲದಿದ್ದರೆ ತಪ್ಪೇ ತಲೆಯಲ್ಲಿ ಕೂತುಬಿಡುತ್ತದೆ. ಮೊದಲ ಎರಡು ವಾರ ಮಕ್ಕಳು ಖಾಲಿ ಹಾಳೆ ಕೊಟ್ಟರು, ಪಾಠ ಹಿಂದೆ ಬೀಳುತ್ತದೆ ಅಂತ ನನಗೂ ಭಯವಾಯಿತು. ಜನವರಿ ಹೊತ್ತಿಗೆ ಅದೇ ಹುಡುಗಿ ಚರ್ಮ, ಮಿದುಳುಬಳ್ಳಿ, ಸ್ನಾಯು ಅಂತ ಬಾಣದ ಗುರುತು ಹಾಕಿ ತಾನೇ ಬರೆದಳು. ಅಕ್ಷರ ಅಷ್ಟು ಚೆಂದ ಇರಲಿಲ್ಲ. ನನಗೆ ಆ ಹಾಳೆಯೇ ಜಾಸ್ತಿ ಇಷ್ಟ.

ಇನ್ನೊಂದು ವಿಷಯ ನಿದ್ದೆ. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗುವ ಕೆಲಸ ಹೆಚ್ಚಾಗಿ ನಿದ್ದೆಯಲ್ಲೇ ನಡೆಯುತ್ತದೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದರ ತನಕ ಓದಿಸಿ, ಬೆಳಿಗ್ಗೆ ಆರಕ್ಕೆ ತರಗತಿ ಅಂತ ಐದಕ್ಕೇ ಎಬ್ಬಿಸಿದರೆ ಕಲಿಸಿದ್ದನ್ನು ನಾವೇ ಅಳಿಸಿದ ಹಾಗೆ.

ಪೋಷಕರಿಗೂ ಒಂದು ಮಾತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವುದನ್ನು ಕಲಿಸುತ್ತೇವೆ ಅನ್ನುವ ಮಿಡ್‌ಬ್ರೈನ್ ಕೋರ್ಸ್‌ಗಳಿಗೆ ಸಾವಿರಗಟ್ಟಲೆ ಕಟ್ಟಬೇಡಿ. ಅದರಲ್ಲಿ ವಿಜ್ಞಾನ ಇಲ್ಲ.

ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರತಿ ವರ್ಷ ನಮಗೆ ತರಬೇತಿ ಕೊಡುತ್ತೀರಿ. ಅದರಲ್ಲಿ ಒಂದು ದಿನವನ್ನು ನೆನಪು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇಡಿ, ಬರೀ ಪಿಪಿಟಿ ತೋರಿಸದೆ ನಮ್ಮಿಂದಲೇ ಪ್ರಶ್ನೆ ಮಾಡಿಸಿ. ನೋಟ್ಸ್ ಪುಸ್ತಕ ತಿದ್ದಿದ್ದೀರಾ ಅಂತ ನೋಡಲು ಬರುವ ಅಧಿಕಾರಿಗಳು ಆ ಐದು ನಿಮಿಷ ಹಿಂದಿನ ಬೆಂಚಿನಲ್ಲಿ ಕೂರಲಿ. ಈ ಡಿಸೆಂಬರ್‌ನಲ್ಲಿ ಬೆಳಗಿನ ವಿಶೇಷ ತರಗತಿಯ ಸುತ್ತೋಲೆ ಕಳಿಸುವ ಮೊದಲು ಸಮಯದ ಸಾಲನ್ನು ಇನ್ನೊಮ್ಮೆ ನೋಡಿ, ಎಂಟೂವರೆಗೆ ಮುಂಚೆ ಬೇಡ.

– ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ