ತಾಲ್ಲೂಕು ಆಸ್ಪತ್ರೆಗೂ ಆಕ್ಯುಪೇಷನಲ್ ಥೆರಪಿ ಬರಲಿ

ಮಾನ್ಯ ಸಂಪಾದಕರೆ,

ಅಡಿಕೆ ಕೊಯ್ಲಿನ ಹಂಗಾಮಿನಲ್ಲಿ ಮಲೆನಾಡಿನ ಹೆಂಗಸರು ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಕುಳಿತು ಹಸಿ ಅಡಿಕೆ ಸುಲಿಯುತ್ತಾರೆ. ಒಂದೊಂದು ಕಾಯಿಗೂ ಅದೇ ಮಣಿಕಟ್ಟು ತಿರುಗಬೇಕು, ಅದೇ ಹೆಬ್ಬೆರಳು ಒತ್ತಬೇಕು. ಹಂಗಾಮು ಮುಗಿದ ಮೇಲೂ ಬಿಡದ ಕೈ, ಭುಜ, ಸೊಂಟದ ನೋವಿಗೆ ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಸಿಗುವುದು ಮಾತ್ರೆ, ಮುಲಾಮು ಮತ್ತು ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಸಲಹೆ. ಸುಲಿದಷ್ಟಕ್ಕೇ ಕೂಲಿ ಪಡೆಯುವವರು ಅದನ್ನು ಪಾಲಿಸುವುದಾದರೂ ಹೇಗೆ?

ಮೂರು ತಿಂಗಳು ಮೀರಿ ಉಳಿಯುವ ನೋವನ್ನು ವೈದ್ಯರು ದೀರ್ಘಕಾಲಿಕ ನೋವೆಂದು ಗುರುತಿಸುತ್ತಾರೆ. ಆ ಹಂತದಲ್ಲಿ ಸದಾ ಮಲಗಿರುವುದರಿಂದ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. ನೋವು ಕಡಿಮೆಯಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಟ್ಟಿಗೆ ಮಾಡಿ ಮರುದಿನ ಏಳಲಾಗದೆ ನರಳುವುದೂ ಅಷ್ಟೇ ಹಾನಿಕರ. ದಿನನಿತ್ಯದ ಕೆಲಸಗಳನ್ನು ದೇಹಕ್ಕೆ ಒಗ್ಗುವಂತೆ ಮಾಡಲು ಕಲಿಸುವ ಚಿಕಿತ್ಸಕರೇ ಆಕ್ಯುಪೇಷನಲ್ ಥೆರಪಿಸ್ಟ್. ಅವರು ನೋಡುವುದು ರೋಗಿಯ ದಿನವನ್ನು: ಆಕೆ ಕೂರುವ ಮಣೆ ಎಷ್ಟು ಎತ್ತರ, ಬುಟ್ಟಿ ಯಾವ ಬದಿಗಿದೆ, ಎಷ್ಟು ಹೊತ್ತಿಗೊಮ್ಮೆ ಕೈ ಬಿಡಿಸಿಕೊಳ್ಳುತ್ತಾಳೆ, ಕೊಡಪಾನವನ್ನು ಬೆರಳುಗಳಿಂದ ಎತ್ತುತ್ತಾಳೋ ಎರಡೂ ಅಂಗೈ ಕೊಟ್ಟು ಎತ್ತುತ್ತಾಳೋ ಎಂಬುದನ್ನು ಗಮನಿಸಿ, ನೋವು ಕೆರಳುವ ಮೊದಲೇ ಕೆಲಸ ನಿಲ್ಲಿಸಿ ಮತ್ತೆ ಮುಂದುವರಿಸುವ ಕ್ರಮವನ್ನು ಅವರು ರೂಢಿ ಮಾಡಿಸುತ್ತಾರೆ. ಅಗತ್ಯವಿದ್ದರೆ ಹೆಬ್ಬೆರಳಿಗೆ ಆಧಾರ ಕೊಡುವ ಪಟ್ಟಿ (ಸ್ಪ್ಲಿಂಟ್), ಸೌಟು-ಚಾಕುಗಳಿಗೆ ದಪ್ಪನೆಯ ಹಿಡಿ ಮಾಡಿಕೊಡುತ್ತಾರೆ. ಫಿಸಿಯೋಥೆರಪಿಯೂ ಬೇಕೇ ಬೇಕು. ಆದರೆ ಅಲ್ಲಿ ಗಳಿಸಿದ ಬಲವನ್ನು ಅಡುಗೆಮನೆ, ಅಂಗಳಗಳ ಕೆಲಸಕ್ಕೆ ಹೊಂದಿಸಿಕೊಡುವವರೂ ಇರಬೇಕು.

ಆಕ್ಯುಪೇಷನಲ್ ಥೆರಪಿ ನಮ್ಮ ದೇಶಕ್ಕೆ ಹೊಸದಲ್ಲ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ 1950ರಲ್ಲೇ ಇದರ ಶಿಕ್ಷಣ ಆರಂಭವಾಯಿತು. ನಮ್ಮ ಮಣಿಪಾಲದಲ್ಲೂ ಈ ಪದವಿ ಕಲಿಸುತ್ತಾರೆ. 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯೂ ಈ ವೃತ್ತಿಯನ್ನು ಮಾನ್ಯ ಮಾಡಿದೆ. ಹೀಗಿದ್ದೂ ಕೈ ನೋಯುವ ಕೂಲಿಯವರು ಒಂದು ದಿನದ ಸಂಬಳ ಬಿಟ್ಟು, ಬಸ್ಸಿನ ಖರ್ಚು ಹೊತ್ತು ದೂರದ ನಗರಕ್ಕೇ ಹೋಗಬೇಕೆಂದರೆ ಅದು ಅನ್ಯಾಯ.

ಪ್ರತಿ ತಾಲ್ಲೂಕಿಗೂ ಒಮ್ಮೆಲೇ ಹುದ್ದೆ ಕೊಡುವುದು ಕಷ್ಟವಿರಬಹುದು. ಜಿಲ್ಲಾಸ್ಪತ್ರೆಗೆ ಒಬ್ಬರನ್ನು ನೇಮಿಸಿ, ಅವರು ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಬರುವಂತೆ ಆರೋಗ್ಯ ಇಲಾಖೆ ಮೊದಲು ವ್ಯವಸ್ಥೆ ಮಾಡಲಿ. ಅವರು ಬರುವ ದಿನವನ್ನು ಆಶಾ ಕಾರ್ಯಕರ್ತೆಯರ ಮೂಲಕ ಮುಂಚಿತವಾಗಿ ಊರೂರಿಗೆ ತಿಳಿಸಬೇಕೆಂದೂ, ಸ್ಪ್ಲಿಂಟ್‌ಗಳನ್ನು ಉಚಿತವಾಗಿ ಒದಗಿಸಬೇಕೆಂದೂ ಕೋರುತ್ತೇನೆ.

– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ