ಕೋಶಗಳ ನಡುವೆಯೂ ನೋಡು

ಕಲಬುರಗಿ

ಚಿ. ಅಕ್ಷತಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಪ್ರಬಂಧದ ಕರಡನ್ನು ಎರಡು ಸಲ ಓದಿದೆ. ಬರವಣಿಗೆ ಸ್ವಚ್ಛವಾಗಿದೆ. ಆದರೆ 'ಪ್ರೋಟಿಯೋಗ್ಲೈಕಾನ್‌ಗಳು ಮಿದುಳಿನ ಅಂಗಾಂಶದಲ್ಲಿ ಹರಡಿಕೊಂಡಿವೆ' ಎಂಬ ವಾಕ್ಯದ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ಎಲ್ಲಿ ಎಂಬುದನ್ನೇ ಹೇಳದಿದ್ದರೆ ಈ ಅಣುಗಳ ಬಗ್ಗೆ ಏನು ಹೇಳಿದಂತಾಯಿತು?

ಪ್ರೋಟೀನಿನ ಎಳೆಗೆ ಸಕ್ಕರೆಯ ಉದ್ದನೆಯ ಸರಪಳಿಗಳು ಅಂಟಿಕೊಂಡ ಈ ಅಣುಗಳಲ್ಲಿ ಹೆಚ್ಚಿನವು ಇರುವುದು ಕೋಶಗಳ ನಡುವಿನ ಸಂದುಗಳಲ್ಲಿ. ಆ ಸಂದುಗಳೆಲ್ಲ ಸೇರಿದರೆ ಮಿದುಳಿನ ಗಾತ್ರದ ಸುಮಾರು ಶೇ. 20ರಷ್ಟಾಗುತ್ತದೆ. ಅಲ್ಲಿಯೂ ಹಂಚಿಕೆ ಒಂದೇ ಸಮನಾಗಿಲ್ಲ. ಮಿದುಳಿನ ಹೊರಪದರವಾದ ಕಾರ್ಟೆಕ್ಸಿನಲ್ಲಿ, ಪಾರ್ವಾಲ್ಬುಮಿನ್ ಎಂಬ ಪ್ರೋಟೀನ್ ಹೊಂದಿರುವ, ಬೇರೆ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ನಿರೋಧಕ ನರಕೋಶಗಳ ಸುತ್ತ, ಈ ಅಣುಗಳಲ್ಲೇ ಕೆಲವಾದ ಅಗ್ರಿಕಾನ್, ಬ್ರೆವಿಕಾನ್, ನ್ಯೂರೋಕಾನ್‌ಗಳು ಹಯಾಲುರೊನಾನ್ ಎಂಬ ಉದ್ದನೆಯ ಸಕ್ಕರೆ ಸರಪಳಿಯ ಜೊತೆ ಹೆಣೆದುಕೊಂಡು ಬಲೆಯಾಗಿ, ಕೋಶದ ಮೈಯನ್ನೂ ಕವಲುಗಳ ಬುಡವನ್ನೂ ಆವರಿಸಿ, ಇನ್ನೊಂದು ನರಕೋಶ ಬಂದು ಸಿನಾಪ್ಸ್ ಆಗಿ ಕೂಡುವ ಕಡೆ ಮಾತ್ರ ಕಂಡಿ ಬಿಟ್ಟಿರುತ್ತವೆ. ನಿನ್ನ ಅತ್ತೆಯ ಮೊಣಕಾಲಿನ ಮೃದ್ವಸ್ಥಿಯಲ್ಲಿ ನೀರು ಹಿಡಿದಿಡುವುದೂ ಇದೇ ಅಗ್ರಿಕಾನ್. ನರತಂತುವಿನ ಕೊಬ್ಬಿನ ಹೊದಿಕೆಯ ನಡುವಿನ ಬಿಡುವುಗಳಾದ ರಾನ್ವಿಯರ್ ಗಂಟುಗಳಲ್ಲಿ ಬ್ರೆವಿಕಾನ್, ವರ್ಸಿಕಾನ್‌ಗಳಿವೆ. ಹೆಪರಾನ್ ಸಲ್ಫೇಟ್ ಎಂಬ ಬಗೆಯ ಸಕ್ಕರೆ ಸರಪಳಿ ಹೊತ್ತ ಗುಂಪಿನ ಗ್ಲೈಪಿಕಾನ್ ಕೋಶದ ಪೊರೆಗೆ ಅಂಟಿದ್ದರೆ, ಅದೇ ಗುಂಪಿನ ಪರ್ಲೆಕಾನ್ ರಕ್ತನಾಳಗಳ ತಳಪೊರೆಯಲ್ಲಿದೆ.

ನಿನ್ನ ನಾಲ್ಕನೆಯ ಚಿತ್ರವನ್ನೇ ಮತ್ತೆ ತೆಗೆದು ನೋಡು. ವಿಸ್ಟೀರಿಯಾ ಬಳ್ಳಿಯ ಬೀಜದ ಲೆಕ್ಟಿನ್, ಅಂದರೆ ಸಕ್ಕರೆಗೆ ಅಂಟುವ ಪ್ರೋಟೀನ್, ಹಿಡಿದ ಕಡೆ ಈ ಬಲೆಗಳು ಹಸಿರು ಉಂಗುರಗಳಾಗಿ ಹೊಳೆಯುತ್ತಿವೆ, ನಡುವೆ ಕೋಶ ಕಪ್ಪಗೆ ಕುಳಿತಿದೆ. ಆ ಬಳ್ಳಿ ನಮ್ಮ ತೊಗರಿಯ ಕುಟುಂಬಕ್ಕೇ ಸೇರಿದ್ದು. ನರಕೋಶಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಗಾಲ್ಗಿ 1898ರ ಹೊತ್ತಿಗೇ ಈ ಬಲೆಯನ್ನು ವರ್ಣಿಸಿದ್ದರೂ, ಅವರ ಸಮಕಾಲೀನ ವಿಜ್ಞಾನಿ ಕಹಾಲ್ ಅದನ್ನು ಅಂಗಾಂಶ ಸಿದ್ಧಪಡಿಸುವಾಗ ಉಂಟಾದ ದೋಷವೆಂದು ತಳ್ಳಿಹಾಕಿದ್ದರು. ನಾನೂ ಪಾಠ ಮಾಡುತ್ತಿದ್ದಾಗ ಇಂಥದ್ದೇ ಸ್ಲೈಡೊಂದನ್ನು ಬಣ್ಣ ಕೆಟ್ಟಿದೆಯೆಂದು ಎಸೆದೆ; ಆ ಕೊರಗು ಇಂದಿಗೂ ಹೋಗಿಲ್ಲ.

2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಯಸ್ಕ ಇಲಿಗಳ ದೃಷ್ಟಿ ಕಾರ್ಟೆಕ್ಸಿಗೆ ಕಾಂಡ್ರಾಯ್ಟಿನೇಸ್ ಎಂಬ ಕಿಣ್ವ ಹಾಕಿ ಈ ಸಕ್ಕರೆ ಸರಪಳಿಗಳನ್ನು ಕತ್ತರಿಸಿದಾಗ, ಮರಿಗಳಲ್ಲಷ್ಟೇ ಕಾಣುವ ಬದಲಾಗುವ ಶಕ್ತಿ ಮತ್ತೆ ಕಂಡಿತು. ಬೆನ್ನುಹುರಿಗೆ ಪೆಟ್ಟು ಬಿದ್ದಾಗ ಗಾಯದ ಕಲೆಯಲ್ಲಿ ಇದೇ ಬಗೆಯ ಅಣುಗಳು ದಟ್ಟವಾಗಿ ಸೇರಿ, ನರತಂತು ಮತ್ತೆ ಬೆಳೆಯದಂತೆ ತಡೆಯುತ್ತವೆ. ಆದ್ದರಿಂದ ಪ್ರತಿ ಅಣುವಿನ ಹೆಸರಿನ ಪಕ್ಕದಲ್ಲಿ ಅದರ ತಾಣವನ್ನೂ ಬರೆ. ಸ್ಲೈಡಿನಲ್ಲಿ ನೀನೇ ಕಂಡದ್ದನ್ನೂ ಓದಿ ತಿಳಿದದ್ದನ್ನೂ ಬೆರೆಸಬೇಡ. ಶರಣಬಸವೇಶ್ವರರ ಜಾತ್ರೆಗೆ ಬರುವಾಗ ತಿದ್ದಿದ ಪ್ರತಿಯನ್ನೂ ಆ ಚಿತ್ರವನ್ನೂ ತೆಗೆದುಕೊಂಡು ಬಾ, ಕೂಡಿ ನೋಡೋಣ.

ಇಂತಿ ನಿನ್ನ ಮಾವ