ಕೊನೆ ಕಂತು ಮುಗೀತು, ಇವ್ರಿಗೆಲ್ಲ ಒಂದ್ ಥ್ಯಾಂಕ್ಸ್ ಹೇಳ್ಲೇಬೇಕು

ಮೊನ್ನೆ ಗುರುವಾರ ಬ್ಯಾಂಕಿಂದ ಫೋನ್ ಬಂತು, ನಿಮ್ಮ ಪಿಕಪ್ ಲೋನ್ ಸ್ಯಾಂಕ್ಷನ್ ಆಗಿದೆ, ಬಂದು ಸೈನ್ ಮಾಡಿ ಅಂತ. ಎಸ್ಟೇಟ್ ಒಂದ್ರಲ್ಲಿ ಕೆರೆ ಹೂಳೆತ್ತೋ ಕೆಲ್ಸ ನಡೀತಿತ್ತು, ಜೆಸಿಬಿ ಮೇಲೆ ಕೂತಿದ್ದೆ, ಎಂಜಿನ್ ಆಫ್ ಮಾಡಿ ಇನ್ನೊಂದ್ಸಲ ಹೇಳಿ ಮೇಡಂ ಅಂದೆ. ಅವ್ರು ನಗ್ತಾ ಸಿಬಿಲ್ 768 ಇದೆಯಲ್ಲಪ್ಪ, ಯಾಕಿಷ್ಟು ಗಾಬರಿ ಅಂದ್ರು. ಸಿಬಿಲ್ ಅಂದ್ರೆ ನಾವು ಸಾಲ ಹೆಂಗೆ ತೀರಿಸ್ತೀವಿ ಅಂತ ಬ್ಯಾಂಕಿನವ್ರು ನೋಡೋ ಸ್ಕೋರು, 2023ರಲ್ಲಿ ಅದೇ ನಂಬರು 538 ಇತ್ತು. 300ರಿಂದ 900ರ ತನಕ ಇರೋ ಲೆಕ್ಕದಲ್ಲಿ 538 ಅಂದ್ರೆ ಬ್ಯಾಂಕಿನ ಬಾಗ್ಲಲ್ಲೇ ನಿಲ್ಸಿ ವಾಪಸ್ ಕಳಿಸೋ ನಂಬರು.

ಗೊತ್ತಿಲ್ದೋರಿಗೆ ಸ್ವಲ್ಪ ಹಿಂದಿಂದು ಹೇಳ್ತೀನಿ. 2015ರಲ್ಲಿ ಹತ್ತೊಂಬತ್ತು ವರ್ಷಕ್ಕೆ ಆರ್ಮಿ ಸೇರ್ದೆ, ಬೆಂಗ್ಳೂರು ಹಲಸೂರು ಕೆರೆ ಪಕ್ಕದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರಲ್ಲಿ ಟ್ರೇನಿಂಗು, ಎಂಇಜಿಯವ್ರನ್ನ ಆರ್ಮೀಲಿ ತಂಬಿ ಅಂತಾನೇ ಕರೆಯೋದು, ಆ ತಂಬಿಗಳಲ್ಲಿ ನಾನೂ ಒಬ್ಬ. ಡೋಜರ್, ಜೆಸಿಬಿ ಓಡಿಸೋದು ಕಲ್ತಿದ್ದೂ ಅಲ್ಲೇ. 2020 ಆಗಸ್ಟಲ್ಲಿ ಅಕ್ಕನ ಮದ್ವೆಗೆ ಸ್ಯಾಲ್ರಿ ಅಕೌಂಟ್ ಮೇಲೆ 3 ಲಕ್ಷ ಪರ್ಸನಲ್ ಲೋನ್ ತಗೊಂಡೆ, ಐದು ವರ್ಷ, ತಿಂಗ್ಳಿಗೆ ಆರೂವರೆ ಸಾವ್ರ ಚಿಲ್ರೆ ಕಂತು. ಸೋಲ್ಜರ್‌ಗೆ ಲೋನ್ ಕೊಡೋಕೆ ಬ್ಯಾಂಕಿನವ್ರು ತಾವೇ ಯೂನಿಟ್‌ಗೆ ಬರ್ತಾರೆ, ಕೇಳೋದೇ ಬೇಡ. ಜೊತೆಗೊಂದು ಕ್ರೆಡಿಟ್ ಕಾರ್ಡೂ ಕೈಗಿಟ್ರು.

2021ರ ಕೊನೇಲಿ ಅಪ್ಪಂಗೆ ಸ್ಟ್ರೋಕ್ ಹೊಡೀತು. ಆ ವರ್ಷ ನಮ್ಮ ಶನಿವಾರಸಂತೆ ಕಡೆ ಶುಂಠಿಗೆ ರೇಟೇ ಇರ್ಲಿಲ್ಲ, ಸೊಸೈಟಿ ಸಾಲ ತಲೆ ಮೇಲೆ, ಮನೇಲಿ ಅಮ್ಮ ಒಬ್ರೇ. ಓನ್ ರಿಕ್ವೆಸ್ಟ್ ಮೇಲೆ ಡಿಸ್ಚಾರ್ಜ್ ಕೇಳ್ದೆ, 2022 ಫೆಬ್ರವರಿಗೆ ಮನೆಗೆ ಬಂದೆ. ಊರಲ್ಲಿ ಜನ ಏನ್ ಅನ್ಕೊಂಡಿದ್ರು ಅಂದ್ರೆ ಮಿಲಿಟ್ರಿಯಿಂದ ಬಂದೋನಿಗೆ ಪೆನ್ಷನ್ ಇರುತ್ತೆ, ಕ್ಯಾಂಟೀನ್ ಇರುತ್ತೆ, ಇವನಿಗೇನ್ ಕಮ್ಮಿ ಅಂತ. ಪೆನ್ಷನ್‌ಗೆ 15 ವರ್ಷ ಸರ್ವೀಸ್ ಬೇಕು ಸ್ವಾಮಿ, ಆರೂವರೆ ವರ್ಷಕ್ಕೆ ನಾವಾಗೇ ಕೇಳಿ ಬಂದ್ರೆ ಮಾಜಿ ಸೈನಿಕ ಅನ್ನೋ ಲೆಕ್ಕಕ್ಕೂ ಬರಲ್ಲ. ಫಂಡಿನ ದುಡ್ಡು, ಇನ್ಶೂರೆನ್ಸ್ ದುಡ್ಡು ಅಂತ ಬಂದಿದ್ದು ಮೈಸೂರು ಆಸ್ಪತ್ರೆ ಬಿಲ್ಲಿಗೆ ಮತ್ತೆ ಸೊಸೈಟಿಗೆ ಹೋಯ್ತು.

ಈಗ ನಾನು ಮಾಡಿದ ದೊಡ್ಡ ದಡ್ಡತನ. ಸಂಬಳ ನಿಂತ್ಮೇಲೆ ಆ ಅಕೌಂಟಿಗೆ ದುಡ್ಡೇ ಬರಲ್ಲ, ಕಂತು ಮಾತ್ರ ತಿಂಗ್ಳಾ ತಿಂಗ್ಳಾ ಬಂದು ಬೌನ್ಸ್ ಆಗಿ ಅದಕ್ಕೊಂದು ಚಾರ್ಜ್ ಬೇರೆ ಬೀಳ್ತಿತ್ತು, ಇದ್ಯಾವ್ದೂ ನಂಗೆ ಗೊತ್ತೇ ಆಗ್ಲಿಲ್ಲ. ಯಾಕಂದ್ರೆ ಬ್ಯಾಂಕಲ್ಲಿ ಕೊಟ್ಟಿದ್ದ ನಂಬರು ಜಮ್ಮೂಲಿ ತಗೊಂಡಿದ್ದ ಪ್ರೀಪೇಯ್ಡ್ ಸಿಮ್‌ದು. ಅಲ್ಲಿ ಡ್ಯೂಟಿ ಮಾಡಿದೋರಿಗೆ ಗೊತ್ತಿರುತ್ತೆ, ನಮ್ಮೂರ ಪ್ರೀಪೇಯ್ಡ್ ಅಲ್ಲಿ ನಡೆಯಲ್ಲ, ಅಲ್ಲಿಂದು ಇಲ್ಲಿ ನಡೆಯಲ್ಲ, ಊರಿಗೆ ಬಂದ್ಮೇಲೆ ಆ ಸಿಮ್ ತೆಗೆದು ಟ್ರಂಕಿಗೆ ಹಾಕಿದ್ದೆ. ಪತ್ರಗಳು? ಅವೆಲ್ಲ ಹಳೇ ಯೂನಿಟ್ ಹೆಸ್ರಿಗೆ, ಕೇರ್ ಆಫ್ 56 ಎಪಿಓ ಅಂತ ಆರ್ಮಿ ಪೋಸ್ಟ್ ಆಫೀಸಿಗೆ ಹೋಗ್ತಿದ್ವು. ಗೊತ್ತೇ ಆಗ್ಲಿಲ್ಲ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಲೋನ್ ಇದೆ ಅಂತ ಗೊತ್ತಿತ್ತು, ಫೋನ್ ಬರ್ತಿಲ್ಲವಲ್ಲ ಅನ್ನೋದೇ ಒಂಥರಾ ನೆಮ್ಮದಿ ಆಗಿತ್ತು.

2023 ಏಪ್ರಿಲ್‌ನಲ್ಲಿ ಕುಶಾಲನಗರದ ಶೋರೂಮಲ್ಲಿ ಬೈಕಿಗೆ ಫೈನಾನ್ಸ್ ಕೇಳೋಕೆ ಹೋದಾಗ ಬಣ್ಣ ಬಯಲಾಯ್ತು. ಅಲ್ಲಿ ಫೈನಾನ್ಸ್ ಟೇಬಲ್ ಹತ್ರ ಕೂತಿದ್ದ ಹುಡುಗ, ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷ ಇರ್ಬೇಕು, ಹಿಂದೆ ಜನ ನಿಂತಿದ್ರು ಅಂತ ಜೋರಾಗಿ ಏನೂ ಹೇಳ್ದೆ ಕಂಪ್ಯೂಟರನ್ನ ಮೆಲ್ಲಗೆ ನನ್ ಕಡೆ ತಿರುಗ್ಸಿ, ಅಣ್ಣ, ಇದೊಂದ್ಸಲ ನೋಡ್ಕೊಳ್ಳಿ, ವರ್ಷಕ್ಕೊಂದ್ಸಲ ಪೂರ್ತಿ ರಿಪೋರ್ಟ್ ಫ್ರೀಯಾಗಿ ಸಿಗುತ್ತೆ, ಹೊರಗಡೆ ಯಾರಿಗೂ ದುಡ್ಡು ಕೊಡ್ಬೇಡಿ ಅಂದ. ಮೊದಲ ಥ್ಯಾಂಕ್ಸ್ ಆ ಹುಡುಗಂಗೆ. ಅವನ ಮಾತು ನಾನು ಕೇಳ್ಲಿಲ್ಲ ಅನ್ನೋದು ಬೇರೆ ವಿಷ್ಯ, ಸಿಬಿಲ್ ಕ್ಲೀನ್ ಮಾಡ್ಸಿ ಕೊಡ್ತೀನಿ ಅಂದೋನೊಬ್ಬಂಗೆ ನಾಲ್ಕು ಸಾವ್ರ ಕೊಟ್ಟು ಕಳ್ಕೊಂಡೆ. ಯಾರೂ ಅಳಿಸೋಕಾಗಲ್ಲ ಅದನ್ನ, ತಪ್ಪಾಗಿದ್ರೆ ತಿದ್ದಿಸ್ಬೋದು ಅಷ್ಟೇ, ಅದಕ್ಕೂ ಫೀಸ್ ಇಲ್ಲ.

ಎರಡನೇದು ನಮ್ಮ ಸುಬೇದಾರ್ ಸಾಬ್. ರಿಟೈರ್ ಆಗಿ ಪಿರಿಯಾಪಟ್ಟಣ ಕಡೆ ಇದಾರೆ. ಒಂದು ವಾರ ಯಾರಿಗೂ ಹೇಳ್ದೆ ಒದ್ದಾಡಿ ಕೊನೆಗೆ ಅವ್ರ ಮನೆಗೆ ಹೋದೆ. ಬೈತಾರೆ ಅಂತ ರೆಡಿಯಾಗೇ ಹೋಗಿದ್ದೆ, ಅವ್ರು ಬೈಲಿಲ್ಲ, ತಂಬಿ ಮೊದ್ಲು ಊಟ ಮಾಡು ಅಂದ್ರು, ಆಮೇಲೆ ಮೊಮ್ಮಗನ ನೋಟ್‌ಬುಕ್ಕಿಂದ ಎರಡು ಹಾಳೆ ಹರಿದು ಯಾರಿಗೆ ಎಷ್ಟು, ಯಾವತ್ತಿಂದ ಅಂತ ನನ್ ಕೈಲೇ ಬರೆಸಿದ್ರು. ಲೋನಲ್ಲಿ 14 ಕಂತು ಬಾಕಿ, ಅದು 90 ದಿನ ದಾಟಿ ಎನ್‌ಪಿಎ, ಅಂದ್ರೆ ಕೆಟ್ಟ ಸಾಲದ ಲೆಕ್ಕಕ್ಕೆ ಸೇರಿ ವರ್ಷ ಆಗ್ತಾ ಬಂದಿತ್ತು. ಕಾರ್ಡಲ್ಲಿ 38 ಸಾವ್ರ ಇದ್ದಿದ್ದು ತಿಂಗ್ಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ಲೇಟ್ ಫೀಸ್ ಎಲ್ಲ ಸೇರಿ 71 ಸಾವ್ರ. ಹೊಸ ನಂಬರ್ ಕೊಟ್ಟ ದಿನದಿಂದ ರಿಕವರಿಯವ್ರ ಫೋನು ಶುರು, 30 ಸಾವ್ರ ಕಟ್ಟಿ ಸೆಟ್ಲ್‌ಮೆಂಟ್ ಮಾಡ್ಕೊಳ್ಳಿ ಇವತ್ತೇ ಲಾಸ್ಟ್ ಅಂತ ದಿನಾ ಹೇಳೋರು. ನಂಗೆ ಅದೇ ಸ್ವರ್ಗ ಅನ್ಸಿತ್ತು. ಸಾಬ್ ಬೇಡ ಅಂದ್ರು. ಸೆಟಲ್ಡ್ ಅಂತ ರಿಪೋರ್ಟಲ್ಲಿ ಬರೆದ್ರೆ ಪೂರ್ತಿ ಕೊಡ್ಲಿಲ್ಲ ಅಂತಾನೇ ಅರ್ಥ, ಮುಂದೆ ನೋಡೋ ಪ್ರತಿ ಬ್ಯಾಂಕಿನವ್ನೂ ಅದನ್ನೇ ಮೊದ್ಲು ನೋಡೋದು, ಕ್ಲೋಸ್ಡ್ ಅಂತ ಬರಬೇಕು ಅಂದ್ರೆ ಪೂರ್ತಿ ಕಟ್ಟು ಅಂದ್ರು. ಇದು ಎಲ್ಲರಿಗೂ ಸರಿ ಅಂತ ನಾನ್ ಹೇಳಲ್ಲ, ಮನೇಲಿ ಅಕ್ಕಿ ಇಲ್ದೋರು ಸೆಟ್ಲ್‌ಮೆಂಟ್ ಮಾಡ್ಕೊಂಡ್ರೆ ಅದ್ರಲ್ಲಿ ತಪ್ಪೇನಿಲ್ಲ. ನಂಗೆ ಕೈಕಾಲು ಗಟ್ಟಿ ಇತ್ತು, ಕೆಲ್ಸ ಗೊತ್ತಿತ್ತು.

ಅಕ್ಕಂಗೆ ನಾನು ಹೇಳೇ ಇರ್ಲಿಲ್ಲ, ಅಮ್ಮ ಹೇಳಿದ್ದು. ಮಾರನೇ ದಿನ ಭಾವನ ಜೊತೆ ಬಂದ್ಳು, ಮದ್ವೆ ಬಳೆ ನಾಲ್ಕೂ ತೆಗೆದು ಟೇಬಲ್ ಮೇಲಿಟ್ಳು. ಯಾವ ಮದ್ವೆಗೆ ಸಾಲ ಮಾಡಿದ್ನೋ ಅದೇ ಮದ್ವೆ ಬಳೆ. ಬೇಡ ಅಂದಿದ್ದಕ್ಕೆ ಭಾವ, ಮಾತು ಜಾಸ್ತಿ ಬೇಡ, ನಾಳೆ ಹತ್ತು ಗಂಟೆಗೆ ಅಡ ಇಡೋಕೆ ಹೋಗಣ, ಆಧಾರ್ ಕಾರ್ಡ್ ತಗೊಂಡು ರೆಡಿ ಇರು ಅಂದ್ರು. ಭಾವ, ಆವತ್ತು ನೀವು ಒಂದ್ ಮಾತೂ ಕೊಂಕಾಗಿ ಆಡ್ಲಿಲ್ಲ, ಇವತ್ತಿನವರೆಗೂ ಆಡಿಲ್ಲ. ಆ ದುಡ್ಡಲ್ಲಿ 14 ಕಂತೂ ದಂಡದ ಸಮೇತ ಒಟ್ಟಿಗೇ ಕಟ್ಟಿದ್ವಿ. ಒಂದೆರಡು ಕಂತು ಕಟ್ಟಿದ್ರೆ ಎನ್‌ಪಿಎ ಹೋಗಲ್ಲ, ಬಾಕಿ ಪೂರ್ತಿ ಕಟ್ಟಿದ್ರೆ ಮಾತ್ರ ಅಕೌಂಟ್ ಮತ್ತೆ ರೆಗ್ಯುಲರ್ ಆಗೋದು, ಇದನ್ನ ಬಿಡಿಸಿ ಹೇಳಿದ್ದು ನಮ್ಮೂರ ಬ್ರಾಂಚಿನ ಮೇಡಂ. ಅವ್ರಿಗೂ ಈ ಲೋನಿಗೂ ಸಂಬಂಧಾನೇ ಇರ್ಲಿಲ್ಲ, ಲೋನ್ ಬೇರೆ ಬ್ಯಾಂಕಿಂದು, ಆದ್ರೂ ಊಟದ ಹೊತ್ತಲ್ಲಿ ಕೂರಿಸ್ಕೊಂಡು ಹೇಳಿದ್ರು.

ಕಾರ್ಡಿನ 71 ಸಾವ್ರ ಜೆಸಿಬಿಯಿಂದ ಬಂತು. ಕೆಲ್ಸ ಕೊಟ್ಟ ಓನರ್ ಅಣ್ಣಂಗೆ ಎಷ್ಟು ಹೇಳಿದ್ರೂ ಕಮ್ಮಿ. ನಮ್ ಕಡೆ ಜೂನಿಂದ ಸೆಪ್ಟೆಂಬರ್ ಮಳೇಲಿ ಮಷಿನ್‌ಗೆ ಕೆಲ್ಸಾನೇ ಇರಲ್ಲ, ಬೇರೆ ಆಪರೇಟ್ರುಗಳು ಊರಿಗೆ ಹೋಗ್ತಾರೆ, ನಂಗೆ ಮಾತ್ರ ಆ ನಾಲ್ಕ್ ತಿಂಗ್ಳೂ ಶೆಡ್ಡಲ್ಲಿ ಸರ್ವೀಸ್ ಕೆಲ್ಸ ಅಂತ ಅರ್ಧ ಸಂಬಳ ಕೊಟ್ರು, ಶೆಡ್ಡಲ್ಲಿ ಅಷ್ಟ್ ಕೆಲ್ಸ ಇರ್ಲಿಲ್ಲ ಅಂತ ನಂಗೂ ಗೊತ್ತು ಅವ್ರಿಗೂ ಗೊತ್ತು. ಮೂರು ಸಲಕ್ಕೆ ಕಟ್ಟಿ 2024 ಮಾರ್ಚಿಗೆ ಕಾರ್ಡ್ ಮುಗೀತು, ಬಾಕಿ ಏನೂ ಇಲ್ಲ ಅನ್ನೋ ಎನ್‌ಓಸಿ ಪತ್ರ ಬಂತು.

ಬಂದ್ರೂ ಕಥೆ ಮುಗೀಲಿಲ್ಲ ಅನ್ನಿ. ಜೂನಲ್ಲಿ ರಿಪೋರ್ಟ್ ತೆಗೆದ್ರೆ ಕಾರ್ಡ್ ಇನ್ನೂ ಓವರ್‌ಡ್ಯೂ ಅಂತಾನೇ ತೋರಿಸ್ತಿದೆ! ಸಂತೆಮಾಳದ ಹತ್ರ ಸೈಬರ್ ಇಟ್ಕೊಂಡಿರೋ ಹುಡುಗ ಎನ್‌ಓಸಿ ಸ್ಕ್ಯಾನ್ ಮಾಡಿ ರಿಪೋರ್ಟ್ ತಪ್ಪಿದೆ ಅಂತ ಡಿಸ್ಪ್ಯೂಟ್ ಹಾಕ್ಕೊಟ್ಟ, ಒಂದೊಂದು ಓಟಿಪಿಗೂ ಕರೆಂಟ್ ಹೋಗೋದು, ಮತ್ತೆ ಮೊದ್ಲಿಂದ. 30 ದಿನದೊಳಗೆ ಸರಿ ಮಾಡ್ಲಿಲ್ಲ ಅಂದ್ರೆ ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ಗ್ರಾಹಕಂಗೆ ಕೊಡ್ಬೇಕು ಅಂತ ಆರ್‌ಬಿಐ ರೂಲ್ ಆ ವರ್ಷ ಏಪ್ರಿಲಿಂದಾನೇ ಬಂದಿತ್ತು, ಬ್ರಾಂಚ್ ಮೇಡಂ ಹೇಳಿದ್ರು ಅಂತ ಅದನ್ನೂ ಒಂದು ಸಾಲು ಬ್ಯಾಂಕಿಗೆ ಬರೆದ್ವಿ. ಇಪ್ಪತ್ತಾರನೇ ದಿನಕ್ಕೆ ಸರಿ ಆಯ್ತು. ಸೈಬರ್ ಹುಡುಗ ಎಲ್ಲಾ ಸೇರಿ ತಗೊಂಡಿದ್ದು 60 ರೂಪಾಯಿ.

ಆಮೇಲಿಂದು ಬೇಜಾರು ಹಿಡಿಸೋ ಕೆಲ್ಸ. ಅದೇ ಮೇಡಂ 20 ಸಾವ್ರ ಎಫ್‌ಡಿ ಇಡ್ಸಿ ಅದ್ರ ಮೇಲೆ 16 ಸಾವ್ರ ಲಿಮಿಟ್‌ದೊಂದು ಕಾರ್ಡ್ ಕೊಡಿಸಿದ್ರು. ಕಾರ್ಡ್ ಅಂದ್ರೇನೇ ಕೈ ನಡುಗೋದು ನಂಗೆ. ಗ್ಯಾಸ್, ರೀಚಾರ್ಜು, ಅಪ್ಪನ ಮಾತ್ರೆ ಇಷ್ಟಕ್ಕೇ ಅದು, ಲಿಮಿಟಲ್ಲಿ ನೂರಕ್ಕೆ ಮೂವತ್ತು ದಾಟ್ಬಾರ್ದು ಅಂದಿದ್ರು, ನಾನು ನಾಲ್ಕು ಸಾವ್ರ ದಾಟ್ಸಿದ್ದೇ ಇಲ್ಲ. ಬಿಲ್ ಬಂದ ದಿನಾನೇ ಅಮ್ಮ ನೆನಪು ಮಾಡೋರು. ಅಮ್ಮಂಗೆ ಓದೋಕೆ ಬರಲ್ಲ, ಕ್ಯಾಲೆಂಡರಲ್ಲಿ ಆ ತಾರೀಕಿಗೆ ಅರಿಶಿನದ ಬೊಟ್ಟು ಇಟ್ಟಿರ್ತಿದ್ರು, ಲೋನ್ ಕಂತಿಗೆ ಕುಂಕುಮದ್ದು. ಸ್ಕೋರ್ ಒಂದೊಂದ್ ಸಲ 12 ಏರೋದು, ಒಂದ್ಸಲ ಕಾರಣಾನೇ ಇಲ್ದೆ 9 ಇಳೀತು, ಆವತ್ತು ಊಟಾನೇ ಸೇರ್ಲಿಲ್ಲ. ರಿಪೋರ್ಟಲ್ಲಿ ಹಿಂದಿನ 36 ತಿಂಗ್ಳ ಕಂತಿನ ಲೆಕ್ಕ ಕಾಣುತ್ತೆ, ಹಳೇ ಕೆಟ್ಟ ತಿಂಗ್ಳುಗಳು ಒಂದೊಂದಾಗಿ ಹಿಂದೆ ಸರಿದು ಹೋಗೋದನ್ನ ಕಾಯೋದು ಬಿಟ್ರೆ ಬೇರೆ ದಾರಿ ಇಲ್ಲ. 2025 ಆಗಸ್ಟಲ್ಲಿ ಲೋನಿನ ಕೊನೆ ಕಂತು ಕಟ್ಟಿದಾಗ ಅಮ್ಮ ಕುಂಕುಮದ ಬೊಟ್ಟಿನ ಮೇಲೆ ಅಡ್ಡ ಗೀಟು ಹಾಕಿದ್ರು. ಅಕ್ಕನ ಬಳೆ ಬಿಡಿಸ್ಕೊಂಡಿದ್ದು ದೀಪಾವಳಿಗೆ, ಅವ್ಳು ಹಾಕ್ಕೊಳೋಕೆ ಹೋದ್ರೆ ಟೈಟಾಗಿತ್ತು, ಎಲ್ರೂ ನಗೋದೇ ನಗೋದು.

ಅಪ್ಪಂಗೆ ಈಗ್ಲೂ ಮಾತು ಸ್ಪಷ್ಟ ಇಲ್ಲ. ಲೋನ್ ಸಿಕ್ತು ಅಂತ ಹೇಳ್ದಾಗ ಎಡಗೈ ಎತ್ತಿ ನನ್ ತೋಳು ಹಿಡ್ಕೊಂಡ್ರು, ಅದನ್ನ ಇಲ್ಲಿ ಇಷ್ಟೇ ಬರೀತೀನಿ.

ಪಿಕಪ್ ಶನಿವಾರ ಬರುತ್ತೆ, ಸೆಕೆಂಡ್ ಹ್ಯಾಂಡು, ಬಿಳೀದು. ಸಾಬ್‌ಗೆ ಫೋನ್ ಮಾಡಿದ್ದೆ, ಎಂಜಿನ್ ಆಯಿಲ್ ನೋಡ್ದ್ಯಾ, ಸ್ಟೆಪ್ನಿ ನೋಡ್ದ್ಯಾ ಅಂತ ಹತ್ತು ನಿಮಿಷ ಕ್ಲಾಸ್ ತಗೊಂಡ್ರು, ಕಂಗ್ರಾಟ್ಸ್ ಮಾತ್ರ ಹೇಳ್ಲಿಲ್ಲ. ಮೊದಲನೇ ಲೋಡು ಭಾವನ ಕಾಫಿ ಮೂಟೆ, ಕುಶಾಲನಗರಕ್ಕೆ. ಬಾಡಿಗೆ ಬೇಡ ಅಂದ್ರೆ ಬೈಯ್ತಾರೆ ಅಂತ ಡೀಸೆಲ್ ಹಾಕ್ಸಿ ಅಂತ ಹೇಳಿದೀನಿ.